ಬರಿಗಾಲಿನ ಭಾವಚಿತ್ರ

2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದೊಳಗೆ ಬರಿಗಾಲಲ್ಲಿ ನಡೆದ ತುಳಸಿ ಗೌಡರ ಚಿತ್ರ ದೇಶವೆಲ್ಲ ಸುತ್ತಿತು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಆ ಹಾಲಕ್ಕಿ ಬುಡಕಟ್ಟಿನ ಅಜ್ಜಿ ಊರಲ್ಲಿ ಹೇಗಿರುತ್ತಿದ್ದರೋ ಹಾಗೇ ಪದ್ಮಶ್ರೀ ಪಡೆಯಲು ಹೋಗಿದ್ದರು: ಕುಪ್ಪಸವಿಲ್ಲದೆ ಕಟ್ಟಿದ ಸೀರೆ, ಕೊರಳ ತುಂಬ ಮಣಿಸರ. ಫೋಟೊಕ್ಕೆಂದು ಹಾಕಿದ ವೇಷವಲ್ಲ ಅದು. ಚಿತ್ರ ಗೆದ್ದದ್ದೇ ಅಲ್ಲಿ.

ಇಂಥವರನ್ನು ಅವರ ಅಂಗಳದಲ್ಲೇ ತೆಗೆಯುವುದು ನಾಜೂಕಿನ ಕಸುಬು. ಕರಾವಳಿಯ ನಡುಮಧ್ಯಾಹ್ನದ ಬಿಸಿಲು ಹುಬ್ಬಿನ ಕೆಳಗೆ ಕಪ್ಪು ಗುಳಿ ತೋಡುತ್ತದೆ, ಮಣಿಗಳ ಮೇಲೆ ಬಿಳಿ ಚುಕ್ಕೆ ಸಿಡಿಸುತ್ತದೆ. ಅದೇ ಮುಖವನ್ನು ಸೂರಿನ ನೆರಳಿಗೆ ಕರೆದರೆ, ಪಕ್ಕದಿಂದ ಬರುವ ಮೆತ್ತನೆ ಬೆಳಕಿನಲ್ಲಿ ಒಂದೊಂದು ಸುಕ್ಕೂ ತಿಳಿಯಾಗಿ ಕಾಣುತ್ತದೆ. ಕಪ್ಪು ಮೈಬಣ್ಣವನ್ನು ಕ್ಯಾಮೆರಾದ ಮೀಟರ್ ಬೂದು ಮಾಡಲು ನೋಡುತ್ತದೆ. ಎಕ್ಸ್‌ಪೋಷರ್ ತುಸು ಇಳಿಸಬೇಕು. ವೈಡ್ ಲೆನ್ಸ್ ಹಿಡಿದು ತೀರಾ ಹತ್ತಿರ ಹೋದರೆ ಮೂಗೇ ಊರಗಲ! ಕೈಗಳನ್ನಂತೂ ಫ್ರೇಮಿನಿಂದ ಬಿಡಲೇಬಾರದು. ತುಳಸಿ ಗೌಡರವು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಬೆಳೆಸಿದ ಬೆರಳುಗಳು.

ಇಂಥವರನ್ನು ಬೇರೆ ಕಣ್ಣಿನಿಂದ ನೋಡಿದ್ದೂ ಉಂಟು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತು ಬ್ರಿಟಿಷ್ ಅಧಿಕಾರಿ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ಬುಡಕಟ್ಟಿನವರ ಚಿತ್ರಗಳಿವೆ. ಜನರ ಮೂಗು ಅಳೆಯುತ್ತಿದ್ದವನಿಗೆ ಅವರು ಬರೀ ಮಾದರಿಗಳು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ತೆಗೆದ ಜನಸಾಮಾನ್ಯರ ಕಪ್ಪು-ಬಿಳುಪು ಚಿತ್ರಗಳನ್ನು ಅವುಗಳ ಪಕ್ಕ ಇಟ್ಟರೆ ವ್ಯತ್ಯಾಸಕ್ಕೆ ವಿವರಣೆಯೇ ಬೇಡ.

ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂಥವರನ್ನು ಹುಡುಕಿ ಕ್ಯಾಮೆರಾ ಹೆಗಲಿಗೇರಿಸಿ ಘಟ್ಟ ಇಳಿಯುವ ಹುಡುಗರು ಒಪ್ಪಿಗೆ ಕೇಳಿಯೇ ಕ್ಲಿಕ್ಕಿಸಲಿ. ಆಮೇಲೆ ಪ್ರಿಂಟ್ ಹಾಕಿಸಿ ಚಿತ್ರದಲ್ಲಿರುವವರ ಮನೆಗೂ ಒಂದು ಪ್ರತಿ ತಲುಪಿಸಲಿ.