ಡ್ರಮ್ಸ್ ಒಂದೇ ಸಾಕೆಂದ ಬಡ್ಜಿ

ರಾಕ್ ಬ್ಯಾಂಡಿನಲ್ಲಿ ಡ್ರಮ್ಮರ್‌ಗೆ ಸಿಗುವ ಮನ್ನಣೆ ಅಷ್ಟಕ್ಕಷ್ಟೆ. ಹಾಡು ಗಾಯಕರದ್ದು, ಚಪ್ಪಾಳೆ ಗಿಟಾರ್‌ನವರದ್ದು. ಹಿಂದೆ ಕೂತವರು ಲಯ ತಪ್ಪದಂತೆ ನೋಡಿಕೊಂಡರೆ ಆಯಿತು. ಬ್ರಿಟನ್ನಿನ ನ್ಯೂ ವೇವ್ ಪೀಳಿಗೆಯಲ್ಲಿ ಈ ಲೆಕ್ಕವನ್ನು ಬುಡಮೇಲು ಮಾಡಿದವರಲ್ಲಿ ಬಡ್ಜಿ ಮುಖ್ಯರು. 1957ರಲ್ಲಿ ಸೇಂಟ್ ಹೆಲೆನ್ಸ್‌ನಲ್ಲಿ ಹುಟ್ಟಿದ ಇವರ ನಿಜ ಹೆಸರು ಪೀಟರ್ ಕ್ಲಾರ್ಕ್. ಲಿವರ್‌ಪೂಲ್‌ನ ಬಿಗ್ ಇನ್ ಜಪಾನ್ ಬ್ಯಾಂಡಿನಲ್ಲಿ ಪಳಗಿದ ಮೇಲೆ ಸೇರಿದ ಒಂದೊಂದು ಬ್ಯಾಂಡೂ ಅವರ ಕೈಗೆ ಒಂದೊಂದು ಪಾಠ ಕಲಿಸಿತು.

ಮೊದಲ ದೊಡ್ಡ ಪಾಠ ದಿ ಸ್ಲಿಟ್ಸ್ ಬ್ಯಾಂಡಿನದು. ಡ್ರಮ್ಮರ್ ಪಾಮಾಲಿವ್ ಬಿಟ್ಟುಹೋದ ಜಾಗಕ್ಕೆ ಬಂದ ಬಡ್ಜಿ 1979ರ ‘ಕಟ್’ ಆಲ್ಬಮ್‌ಗೆ ನುಡಿಸಿದರು. ನಿರ್ಮಾಪಕ ಡೆನಿಸ್ ಬೊವೆಲ್ ರೆಗ್ಗೆ, ಡಬ್ ಬಲ್ಲವರು. ‘ನ್ಯೂಟೌನ್’ ಹಾಡಿನಲ್ಲಿ ಬೆಂಕಿಪೊಟ್ಟಣ ಅಲುಗಿದ ಸದ್ದು, ಚಮಚ ಬಿದ್ದ ಸದ್ದೂ ವಾದ್ಯಗಳೇ. ಅವಕ್ಕೆ ಎಡೆಯಾಗಬೇಕಾದರೆ ಡ್ರಮ್ಸ್ ಎಲ್ಲ ಕಡೆ ತುಂಬಿಕೊಳ್ಳಬಾರದು. ಎಲ್ಲಿ ಬಾರಿಸಬಾರದು ಎಂಬ ವಿವೇಕ ಇಲ್ಲಿ ಎದ್ದು ಕಾಣುತ್ತದೆ.

ಅದೇ ವರ್ಷ ಸೂಕ್ಸಿ ಆ್ಯಂಡ್ ದಿ ಬ್ಯಾನ್‌ಶೀಸ್‌ನ ಗಿಟಾರ್‌ವಾದಕ, ಡ್ರಮ್ಮರ್ ಇಬ್ಬರೂ ಪ್ರವಾಸದ ನಡುವೆ ಕೈಕೊಟ್ಟರು. ತುರ್ತಿಗೆ ಬಂದ ಬಡ್ಜಿ 1996ರಲ್ಲಿ ಬ್ಯಾಂಡ್ ಮುಗಿಯುವವರೆಗೂ ಉಳಿದರು. 1981ರ ‘ಜೂಜೂ’ ಅವರ ಕೈಚಳಕಕ್ಕೆ ಸಾಕ್ಷಿ. ‘ಸ್ಪೆಲ್‌ಬೌಂಡ್’ ಕೇಳಿ: ಜಾನ್ ಮಕ್‌ಗಿಯೋಕ್ ಅವರ ಗಿಟಾರ್ ಧಾವಿಸುತ್ತಿರುವಾಗ ಟಾಮ್‌ಗಳು ಬೆನ್ನಟ್ಟಿ ಉರುಳಿ ಬರುತ್ತವೆ. ಹಾಡಿನ ಭಯವೆಲ್ಲ ಆ ಉರುಳಾಟದಲ್ಲೇ ಇದೆ. ಡ್ರಮ್ಸ್ ಅಳಿಸಿದರೆ ಉಳಿಯುವುದು ಚೆಂದದ ಪಾಪ್ ಹಾಡು.

ಆ ವರ್ಷವೇ ಬ್ಯಾನ್‌ಶೀಸ್ ಗಾಯಕಿ ಸೂಕ್ಸಿ ಜೊತೆ ಕಟ್ಟಿದ ದಿ ಕ್ರೀಚರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ‘ವೈಲ್ಡ್ ಥಿಂಗ್ಸ್’ನಲ್ಲಿ ಇರುವುದು ಕಂಠ ಮತ್ತು ತಾಳವಾದ್ಯ, ಅಷ್ಟೆ. ಸ್ವರ ಹಿಡಿದುಕೊಡಲು ಗಿಟಾರ್ ಇಲ್ಲ. ಗಾಯಕಿ ಪೆಟ್ಟಿನ ಮೇಲೆಯೇ ನಿಲ್ಲಬೇಕು. 1983ರ ‘ಫೀಸ್ಟ್’ಗೆ ಹವಾಯಿ, 1989ರ ‘ಬೂಮರ್ಯಾಂಗ್’ಗೆ ಸ್ಪೇನ್ ಎಂದು ಊರು ಬದಲಿಸಿದಾಗ, ಮರಿಂಬಾದಂಥ ಸ್ವರವುಳ್ಳ ತಾಳವಾದ್ಯಗಳ ಬಲವೂ ಜೊತೆಗಿತ್ತು. ಬಡ್ಜಿಯ ಅತ್ಯುತ್ತಮ ಕೆಲಸ ಇದೇ ಎಂಬುದು ನನ್ನ ಎಣಿಕೆ.

ಹಾಗೆಂದು ಎಲ್ಲವೂ ಗೆದ್ದಿತೆನ್ನಲಾಗದು. ಬ್ಯಾನ್‌ಶೀಸ್‌ನ 1991ರ ‘ಸೂಪರ್‌ಸ್ಟಿಷನ್’ನಲ್ಲಿ ಕಂಪ್ಯೂಟರಿನ ಅಚ್ಚುಕಟ್ಟು ಹೆಚ್ಚಾಗಿ ಕೈಯ ಕಾವು ತಗ್ಗಿದೆ. ಅಮೆರಿಕದಲ್ಲಿ ಜನಪ್ರಿಯವಾದ ‘ಕಿಸ್ ದೆಮ್ ಫಾರ್ ಮಿ’ಯಲ್ಲಿ ಯಂತ್ರದ ತಾಳಕ್ಕೆ ಜೀವ ಬರುವುದು ತಲ್ವಿನ್ ಸಿಂಗ್ ಅವರ ತಬಲಾದಿಂದ. ಬಡ್ಜಿ ತಮ್ಮ ಬ್ಯಾಂಡಿನಲ್ಲೇ ಅತಿಥಿಯಂತೆ ಕೇಳಿಸುತ್ತಾರೆ.

ಅದಕ್ಕೆ ಉತ್ತರದಂತಿದೆ ಕ್ರೀಚರ್ಸ್‌ನ 2003ರ ‘ಹಾಯ್!’. ಟೋಕಿಯೊದಲ್ಲಿ ತೈಕೊ ಎಂಬ ಜಪಾನಿ ಡೋಲಿನ ವಾದಕ ಲೆನರ್ಡ್ ಎಟೊ ಜೊತೆ ಬಡ್ಜಿ ಮುಖಾಮುಖಿ ನುಡಿಸಿದ್ದೇ ಈ ಆಲ್ಬಮ್‌ನ ತಳಹದಿ; ಹಾಡು ಬಂದದ್ದು ಆಮೇಲೆ. ರಾಗಕ್ಕೆ ತಾಳ ಹೊಂದಿಸುವ ವಾಡಿಕೆಯನ್ನು ತಿರುಗುಮುರುಗು ಮಾಡಿದ ಈ ಕ್ರಮದಿಂದಲೇ ಅವರನ್ನು ಅಳೆಯಬೇಕು. ಅವರಿಗಿಂತ ವೇಗದ ಕೈಗಳು ಆ ಪೀಳಿಗೆಯಲ್ಲಿ ಬೇಕಾದಷ್ಟಿದ್ದವು. ತಾಳದಿಂದಲೇ ಹಾಡು ಹುಟ್ಟಿಸುವ ಛಲ ಇದ್ದವರು ವಿರಳ.