ನೀರು ಮುಟ್ಟದ ಐದು ಸ್ಟಾರ್

ಆನ್‌ಲೈನಿನಲ್ಲಿ ಲೈಫ್ ಜಾಕೆಟ್ ಹುಡುಕಿದವರಿಗೆ ಅದರ ಕೆಳಗಿನ ರಿವ್ಯೂಗಳ ಧಾಟಿ ಬಾಯಿಪಾಠವಾಗಿರುತ್ತದೆ. ‘ಫೋಟೋದಲ್ಲಿ ಇದ್ದ ಬಣ್ಣವೇ ಬಂದಿದೆ’, ‘ಪ್ಯಾಕಿಂಗ್ ಸೂಪರ್’, ‘ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ತಲುಪಿತು’, ‘ಮಗನಿಗೆ ತುಂಬಾ ಇಷ್ಟವಾಯಿತು’. ಐದಕ್ಕೆ ಐದು ಸ್ಟಾರ್. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಈ ಮಾತುಗಳಲ್ಲಿ ಒಂದೂ ನೀರಿಗಿಳಿದು ಹೇಳಿದ್ದಲ್ಲ. ಕುಕ್ಕರಿನ ಬಗ್ಗೆ ಹೀಗೆ ಬರೆದರೆ ನಡೆದೀತು, ಅದು ಮನೆಗೆ ಬಂದ ದಿನವೇ ಅನ್ನ ಬೇಯಿಸಿ ತೋರಿಸುತ್ತದೆ. ಲೈಫ್ ಜಾಕೆಟ್ಟು ತನ್ನ ಕೆಲಸ ಮಾಡಬೇಕಾದ ಗಳಿಗೆ ಕೊಂಡವನ ಜೀವಮಾನದಲ್ಲಿ ಒಮ್ಮೆಯೂ ಬಾರದೆ ಹೋಗಬಹುದು. ಬಂದಾಗ ಅದು ಕೈಕೊಟ್ಟರೆ, ಒಂದು ಸ್ಟಾರ್ ಒತ್ತಿ ದೂರು ಬರೆಯಬೇಕಾದ ಮನುಷ್ಯ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ.

ಆನ್‌ಲೈನ್ ರಿವ್ಯೂ ಎಂದೊಡನೆ ಎಲ್ಲರೂ ದುಡ್ಡು ಕೊಟ್ಟು ಬರೆಸಿದ ಹೊಗಳಿಕೆಯ ಮಾತೆತ್ತುತ್ತಾರೆ. ಅದು ಇದೆ, ಮುಂದೆ ನೋಡೋಣ. ನನ್ನ ತಕರಾರು ಅದಕ್ಕಿಂತ ಮೊದಲಿನದು. ಜಲಕ್ರೀಡೆಯ ಸಾಮಾನಿನ ವಿಷಯದಲ್ಲಿ ಪ್ರಾಮಾಣಿಕವಾಗಿ ಬರೆದ ರಿವ್ಯೂ ಕೂಡ ಬಹುತೇಕ ಬೇರೆ ಯಾವುದನ್ನೋ ಅಳೆಯುತ್ತಿರುತ್ತದೆ. ಪೆಟ್ಟಿಗೆ ಬಿಚ್ಚಿದಾಗಿನ ಖುಷಿಯನ್ನು, ಕೊರಿಯರಿನವನ ಚುರುಕನ್ನು, ಕನ್ನಡಿಯ ಮುಂದೆ ನಿಂತಾಗಿನ ಅಂದವನ್ನು. ಅಂಥ ಸಾವಿರ ಖುಷಿಗಳನ್ನು ಕೂಡಿಸಿ ಸರಾಸರಿ ತೆಗೆದರೂ ಅದರಿಂದ ತೇಲುವ ಶಕ್ತಿಯ ಅಂದಾಜು ಹುಟ್ಟುವುದಿಲ್ಲ.

2016ರ ಜನವರಿಯಲ್ಲಿ ತುರ್ಕಿಯ ಇಜ್ಮೀರ್ ನಗರದಲ್ಲಿ ಪೊಲೀಸರು ಒಂದು ಕಾರ್ಖಾನೆಯ ಮೇಲೆ ದಾಳಿ ಮಾಡಿ ಸಾವಿರಕ್ಕೂ ಹೆಚ್ಚು ನಕಲಿ ಲೈಫ್ ಜಾಕೆಟ್ ವಶಪಡಿಸಿಕೊಂಡರು. ಏಜಿಯನ್ ಸಮುದ್ರ ದಾಟಿ ಗ್ರೀಸ್ ಸೇರಲು ಹೊರಟಿದ್ದ ನಿರಾಶ್ರಿತರು ಕೊಳ್ಳುತ್ತಿದ್ದ ಸರಕು ಅದು. ಒಳಗೆ ತೇಲುವ ಫೋಮಿನ ಬದಲು ಪ್ಯಾಕಿಂಗಿಗೆ ಬಳಸುವ ವಸ್ತು ತುಂಬಿತ್ತು. ಹೊರಗಿನಿಂದ ಕಿತ್ತಳೆ ಬಣ್ಣ, ಪಟ್ಟಿ, ಬಕಲ್ ಎಲ್ಲ ಸರಿಯಾಗಿಯೇ ಇತ್ತು. ದಡದಲ್ಲಿ ನಿಂತು ಅದಕ್ಕೆ ರಿವ್ಯೂ ಬರೆಯಿರಿ ಎಂದಿದ್ದರೆ ನಾವು ನೀವೂ ನಾಲ್ಕು ಸ್ಟಾರಾದರೂ ಕೊಟ್ಟಿರುತ್ತಿದ್ದೆವು.

ಹಾಗಾದರೆ ಕೇಳಬೇಕಾದದ್ದು ಏನನ್ನು? ಲೈಫ್ ಜಾಕೆಟ್ಟಿನ ಮಟ್ಟಿಗೆ ಉತ್ತರ ಒಂದು ಸಂಖ್ಯೆಯಲ್ಲಿದೆ, ಅದರ ಹೆಸರು ನ್ಯೂಟನ್. ಐಎಸ್‌ಒ 12402 ಎಂಬ ಅಂತರರಾಷ್ಟ್ರೀಯ ಮಾನದಂಡ ಇವುಗಳನ್ನು 50, 100, 150, 275 ನ್ಯೂಟನ್ ಎಂದು ವಿಂಗಡಿಸುತ್ತದೆ. 50 ನ್ಯೂಟನ್ ಎಂದರೆ ಸುಮಾರು 5 ಕೆಜಿಯಷ್ಟು ಮೇಲೆತ್ತುವ ಬಲ. ಅದು ಈಜು ಬಲ್ಲವರಿಗೆ, ದಡವೋ ದೋಣಿಯೋ ಹತ್ತಿರದಲ್ಲಿ ಇದ್ದಾಗ. ಪ್ರಜ್ಞೆ ತಪ್ಪಿ ಬಿದ್ದವನ ಮುಖವನ್ನು ಆಕಾಶದ ಕಡೆಗೆ ತಿರುಗಿಸಿ ಹಿಡಿಯುವುದು ಅದರ ಕೆಲಸವೇ ಅಲ್ಲ. ಆ ನಿರೀಕ್ಷೆ ಶುರುವಾಗುವುದು 100ರಿಂದ. ತೆರೆದ ಕಡಲಿಗೆ 150. ಈ ವ್ಯತ್ಯಾಸ ಒಂದು ರಿವ್ಯೂವಿನಲ್ಲಿ ಕಂಡರೆ ಅದನ್ನು ಬರೆದವರಿಗೆ ಕೈಮುಗಿಯಬೇಕು.

ಸಂಖ್ಯೆಯ ಜಾಗದಲ್ಲಿ ಮಾರುವವರು ಬರೆಯುವುದು ‘120 ಕೆಜಿವರೆಗಿನವರಿಗೆ’, ‘150 ಕೆಜಿ ಕೆಪ್ಯಾಸಿಟಿ’. ಓದಲು ಭರವಸೆ ಬರುತ್ತದೆ, ಅರ್ಥ ಮಾತ್ರ ಕಮ್ಮಿ. ನೀರಿನೊಳಗೆ ನಮ್ಮ ದೇಹದ ತೂಕವನ್ನು ಬಹುಪಾಲು ನೀರೇ ಹೊರುತ್ತದೆ. ಹೆಚ್ಚಿನ ವಯಸ್ಕರಿಗೆ ತಲೆ ಮೇಲೆ ಉಳಿಯಲು ಬೇಕಾಗುವ ಹೆಚ್ಚುವರಿ ಬಲ 3ರಿಂದ 5.5 ಕೆಜಿಯಷ್ಟು. ಅದೂ ತೂಕದ ಲೆಕ್ಕದಲ್ಲಿ ಏರುವುದಿಲ್ಲ. ಮೈಯಲ್ಲಿ ಕೊಬ್ಬಿದ್ದವರು ಸುಲಭವಾಗಿ ತೇಲುತ್ತಾರೆ, ಜಿಮ್ಮಿಗೆ ಹೋಗಿ ಮೈ ಕಟ್ಟಿಕೊಂಡ ತೆಳ್ಳಗಿನ ಹುಡುಗ ಬೇಗ ಮುಳುಗುತ್ತಾನೆ. ಹಾಗಾಗಿ ‘ನಾನು 95 ಕೆಜಿ, ನನಗೆ ಚೆನ್ನಾಗಿ ತೇಲಿಸಿತು’ ಎಂಬ ರಿವ್ಯೂ ನಂಬಿ 60 ಕೆಜಿಯವನು ಹಾಯಾಗಿರುವಂತಿಲ್ಲ. ತೂಕ ಮುಖ್ಯವಾಗುವುದು ಅಳತೆಯ ವಿಚಾರದಲ್ಲಿ. ‘ಫ್ರೀ ಸೈಜ್’ ಎಂಬ ಮಾತು ಇಲ್ಲಿ ಅಪಾಯದ ಮಾತು. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಯಾರಾದರೂ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ಟು ಗಲ್ಲ ದಾಟಿ ಕಿವಿಯವರೆಗೆ ಬಂದರೆ ನೀರಿನಲ್ಲೂ ಅದು ಹಾಗೆಯೇ ಮೇಲೇರುತ್ತದೆ, ಮನುಷ್ಯ ಕೆಳಗಿಳಿಯುತ್ತಾನೆ. ಮಕ್ಕಳದ್ದಕ್ಕೆ ತೊಡೆಸಂದಿನ ಪಟ್ಟಿ ಇರಲೇಬೇಕು. ಮಗನಿಗೆ ತುಂಬಾ ಇಷ್ಟವಾಯಿತು ಎಂದು ಬರೆದ ತಾಯಿ ಆ ಪಟ್ಟಿ ಇದೆಯೋ ಇಲ್ಲವೋ ಎಂದೂ ಒಂದು ಸಾಲು ಬರೆದಿದ್ದರೆ ನೂರು ಮನೆಗೆ ಉಪಕಾರವಾಗುತ್ತಿತ್ತು.

ಮುಖವಿಡೀ ಮುಚ್ಚುವ ಸ್ನಾರ್ಕೆಲ್ ಮಾಸ್ಕಿನ ಕಥೆ ಇನ್ನೂ ತೊಡಕಿನದು, ಯಾಕೆಂದರೆ ಇದು ನೀರಿನಲ್ಲೇ ಬಳಸಿ ಮೆಚ್ಚಿದ ವಸ್ತು. ಫ್ರಾನ್ಸಿನ ಡೆಕಾಥ್ಲಾನ್ 2014ರಲ್ಲಿ ‘ಈಸಿಬ್ರೆತ್’ ಮಾಸ್ಕನ್ನು ಮಾರುಕಟ್ಟೆಗೆ ತಂದಿತು. ಬಾಯಲ್ಲಿ ರಬ್ಬರು ಕಚ್ಚುವ ಕಷ್ಟವಿಲ್ಲ, ಮೂಗಿನಿಂದಲೇ ಉಸಿರಾಡಬಹುದು, ಗಾಜಿಗೆ ಮಂಜು ಹಿಡಿಯುವುದಿಲ್ಲ. ಅದರ ಜಾಣ್ಮೆ ಇರುವುದು ಒಳಗಿನ ಗಾಳಿಯ ದಾರಿಯಲ್ಲಿ. ಹೊಸ ಗಾಳಿ ಒಂದು ಕಡೆಯಿಂದ ಬಂದು, ಬಿಟ್ಟ ಉಸಿರು ಬೇರೆ ಕಾಲುವೆಯಿಂದ ಹೊರಹೋಗುವಂತೆ ಏಕಮುಖ ಕವಾಟಗಳನ್ನು ಇಟ್ಟಿದ್ದಾರೆ. ಬಲುಬೇಗ ಅದೇ ಆಕಾರದ ಅಗ್ಗದ ನಕಲುಗಳು ರಾಶಿ ಬಿದ್ದವು. ನಕಲು ಮಾಡುವವನಿಗೆ ಆಕಾರ ಸುಲಭ, ಕವಾಟ ಕಷ್ಟ. ಕವಾಟ ಸರಿಯಾಗಿ ಕೂರದಿದ್ದರೆ ಬಿಟ್ಟ ಉಸಿರೇ ಮಾಸ್ಕಿನಲ್ಲಿ ನಿಂತು, ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಮತ್ತೆ ಎದೆಗಿಳಿಯುತ್ತದೆ. ಮೊದಲು ತಲೆನೋವು, ಆಮೇಲೆ ಮಂಕು. ಹವಾಯಿಯಲ್ಲಿ ಸ್ನಾರ್ಕೆಲಿಂಗ್ ಸಾವುಗಳ ಚರ್ಚೆಯಲ್ಲಿ ಈ ಮಾಸ್ಕುಗಳ ಹೆಸರು ಬಂದಾಗ ಕೆಲವು ಪ್ರವಾಸಿ ದೋಣಿಯವರು ಇವನ್ನು ಬಳಸಲು ಬಿಡುವುದನ್ನೇ ನಿಲ್ಲಿಸಿದರು.

ಇದೇ ಮಾಸ್ಕಿಗೆ ಮತ್ತೊಂದು ಕೀರ್ತಿಯೂ ಬಂತು. 2020ರ ಮಾರ್ಚಿನಲ್ಲಿ, ಕೋವಿಡ್ ಇಟಲಿಯನ್ನು ಹಿಂಡುತ್ತಿದ್ದಾಗ, ಬ್ರೆಶಿಯಾದ ಎಂಜಿನಿಯರುಗಳು ಈಸಿಬ್ರೆತ್‌ಗೆ ಥ್ರೀಡಿ ಮುದ್ರಣದ ಒಂದು ಕವಾಟ ಜೋಡಿಸಿ ಆಸ್ಪತ್ರೆಯ ಉಸಿರಾಟದ ಯಂತ್ರಕ್ಕೆ ಹೊಂದಿಸಿದರು. ಆ ಹೊಗಳಿಕೆ ಸಲ್ಲಬೇಕಾದದ್ದು ಒಂದು ನಿರ್ದಿಷ್ಟ ಮಾದರಿಗೆ. ಅದನ್ನೇ ಹೋಲುವ ಹೆಸರಿಲ್ಲದ ಪ್ಲಾಸ್ಟಿಕ್ಕಿಗೆ ಅದರಲ್ಲಿ ಪಾಲಿಲ್ಲ.

ಮಾಸ್ಕಿನ ರಿವ್ಯೂಗಳಲ್ಲಿ ಬರುವ ಗುಣಗಾನ ನೋಟದ್ದು. ‘180 ಡಿಗ್ರಿ ವ್ಯೂ’, ‘ಮೀನು ಪಕ್ಕದಲ್ಲೇ ಬಂದಂತಿತ್ತು’. ಕಣ್ಣಿಗೆ ಕಂಡದ್ದು ನಿಜ, ಬರೆದರು. ಕಣ್ಣಿಗೆ ಕಾಣದ ಅನಿಲದ ಬಗ್ಗೆ ಅವರೇನು ಬರೆದಾರು? ಹೋಟೆಲಿನ ಈಜುಕೊಳದಲ್ಲಿ ಐದು ನಿಮಿಷ ತಲೆ ಮುಳುಗಿಸಿದವರಿಗೂ, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಅಲೆಯ ನಡುವೆ ಏದುಸಿರು ಬಿಡುತ್ತ ಅರ್ಧ ಗಂಟೆ ಈಜಿದವರಿಗೂ ಅನುಭವ ಒಂದೇ ಆಗುವುದಿಲ್ಲ. ಜೋರಾಗಿ ಉಸಿರಾಡಿದಾಗಲೇ ಕೆಟ್ಟ ಕವಾಟ ಬಣ್ಣ ಬಯಲು ಮಾಡುವುದು. ಇನ್ನೊಂದು ಮಾತು: ಇದನ್ನು ತೊಟ್ಟು ಕೆಳಕ್ಕೆ ಧುಮುಕುವ ಫೋಟೋಗಳನ್ನು ರಿವ್ಯೂವಿನ ಜೊತೆ ಹಾಕುವವರಿದ್ದಾರೆ. ಮಾಸ್ಕ್ ಮುಖ ಪೂರ್ತಿ ಮುಚ್ಚಿರುವುದರಿಂದ ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಆಗುವುದಿಲ್ಲ. ಇದು ನೀರಿನ ಮೇಲ್ಮೈಯಲ್ಲಿ ತೇಲುವವರ ಸಾಧನ. ಫೋಟೋ ಚೆನ್ನಾಗಿ ಬಂದಿದೆ ಎಂಬ ಒಂದೇ ಕಾರಣಕ್ಕೆ ನೂರಾರು ಜನ ಆ ರಿವ್ಯೂವನ್ನು ‘ಹೆಲ್ಪ್‌ಫುಲ್’ ಎಂದು ಒತ್ತಿರುತ್ತಾರೆ.

ಪರದೇಶದ ರಿವ್ಯೂಗಳ ವಿಷಯ ಬೇರೆ. ಅವುಗಳಲ್ಲಿ ಕೆಲವು ನಿಜವಾಗಿಯೂ ಚೆನ್ನಾಗಿರುತ್ತವೆ, ಆದರೆ ನಮ್ಮ ನೀರಿಗೆ ಬರೆದವಲ್ಲ. ಇಂಗ್ಲೆಂಡಿನ ಕಾರ್ನ್‌ವಾಲಿನ ಸರ್ಫರ್ ಮೆಚ್ಚಿದ ದಪ್ಪ ವೆಟ್‌ಸೂಟು ಅಲ್ಲಿನ ಚಳಿಗೆ ಸರಿ, ಅಲ್ಲಿ ಚಳಿಗಾಲದ ಕಡಲು 10 ಡಿಗ್ರಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿಯ ಆಸುಪಾಸು. ಇಲ್ಲಿ ಬಿಸಿಲಿಗೂ ಬೋರ್ಡಿನ ಉಜ್ಜಾಟಕ್ಕೂ ಒಂದು ತೆಳು ರ‍್ಯಾಶ್‌ಗಾರ್ಡ್ ಸಾಕು.

ಗಾಳಿ ತುಂಬುವ ಪ್ಯಾಡಲ್ ಬೋರ್ಡಿನ ವಿಡಿಯೋಗಳೂ ಹೀಗೆಯೇ. ಹಾಲಿನ ನಡುವೆ ಪಂಪು ಹೊಡೆದು, ‘ನೋಡಿ ಸ್ನೇಹಿತರೇ, ಕಲ್ಲಿನ ಹಾಗೆ ಗಟ್ಟಿ’ ಎಂದು ಬಡಿದು ತೋರಿಸುತ್ತಾರೆ. ಬೋರ್ಡಿನ ಒಳಗೆ ಮೇಲಿನ ಕೆಳಗಿನ ಪದರಗಳನ್ನು ಸಾವಿರಾರು ದಾರಗಳು ಹಿಡಿದಿರುತ್ತವೆ, ಹಾಗಾಗಿ 15 ಪಿಎಸ್‌ಐ ಗಾಳಿ ತುಂಬಿದರೆ ಹೆಚ್ಚುಕಮ್ಮಿ ಎಲ್ಲವೂ ಗಟ್ಟಿಯೇ. ಪ್ರಶ್ನೆ ಅಂಚಿನ ಅಂಟಿನದು. ಮಧ್ಯಾಹ್ನದ ಮರಳ ಮೇಲೆ ಬಿಟ್ಟ ಬೋರ್ಡಿನ ಗಾಳಿ 27 ಡಿಗ್ರಿಯಿಂದ 60ಕ್ಕೆ ಕಾದರೆ ಅದೇ 15 ಪಿಎಸ್‌ಐ 18 ದಾಟುತ್ತದೆ. ಅಂಟು ಒಂದು ಬೇಸಿಗೆ ಇದನ್ನು ತಾಳಿತೇ ಎಂದು ಹಾಲಿನ ಟೈಲ್ಸಿನ ಮೇಲೆ ತಿಳಿಯುವುದು ಹೇಗೆ? ‘ಮಿಲಿಟರಿ ಗ್ರೇಡ್’ ಎಂಬ ವಿಶೇಷಣಕ್ಕಂತೂ ಯಾವ ದೇಶದ ಯಾವ ಸೈನ್ಯ ಎಂದು ಯಾರೂ ಕೇಳಿದಂತಿಲ್ಲ.

ಈಗ ನಕಲಿ ಹೊಗಳಿಕೆಗೆ ಬರೋಣ. ಪೆಟ್ಟಿಗೆಯೊಳಗೆ ಒಂದು ಚೀಟಿ: ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿ, ಕ್ಯಾಶ್‌ಬ್ಯಾಕ್ ಪಡೆಯಿರಿ. ಇಂಥ ಆಮಿಷದ ರಿವ್ಯೂಗಳನ್ನು ಅಮೆಜಾನ್ 2016ರಲ್ಲೇ ನಿಷೇಧಿಸಿತು. 2022ರಲ್ಲಿ ಅದೇ ಕಂಪನಿ ಹತ್ತು ಸಾವಿರಕ್ಕೂ ಹೆಚ್ಚು ಫೇಸ್‌ಬುಕ್ ಗುಂಪುಗಳ ನಿರ್ವಾಹಕರ ಮೇಲೆ ಮೊಕದ್ದಮೆ ಹೂಡಬೇಕಾಯಿತು. ನಿಷೇಧ ಎಷ್ಟು ಕೆಲಸ ಮಾಡಿತು ಎಂಬುದಕ್ಕೆ ಆ ಸಂಖ್ಯೆಯೇ ಉತ್ತರ. ಇನ್ನೊಂದು ಕೈಚಳಕವೆಂದರೆ ಹಳೆಯ ವಸ್ತುವಿಗೆ ಬಂದ ಸ್ಟಾರುಗಳನ್ನು ಹೊಸದಕ್ಕೆ ಅಂಟಿಸುವುದು. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಾರಣಕ್ಕೆ ವಿಟಮಿನ್ ಮಾರುವ ಬೌಂಟಿಫುಲ್ ಕಂಪನಿಯಿಂದ 6 ಲಕ್ಷ ಡಾಲರ್ ಕಕ್ಕಿಸಿತು. ರಿವ್ಯೂಗಳ ರಾಶಿಯಲ್ಲಿ ಕೆಳಕ್ಕೆ ಹೋಗಿ ನೋಡಿ, ಲೈಫ್ ಜಾಕೆಟ್ಟಿನಡಿ ‘ಸ್ವಿಮ್ಮಿಂಗ್ ಕ್ಯಾಪ್ ಚೆನ್ನಾಗಿದೆ’ ಎಂಬ ಮಾತು ಕಂಡರೆ ಅಲ್ಲಿಗೆ ಸ್ಟಾರಿನ ಲೆಕ್ಕ ಮುಗಿಯಿತು.

ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಆನ್‌ಲೈನ್ ರಿವ್ಯೂಗಳಿಗೆಂದೇ ತಂದಿತು. ಆದರೆ ಅದನ್ನು ಪಾಲಿಸುವುದನ್ನು ಆಗ ಮಾರುಕಟ್ಟೆಯ ಮರ್ಜಿಗೆ ಬಿಟ್ಟಿತು. ಸಂಶಯ ಬಂದ ರಿವ್ಯೂಗಳನ್ನು ಜರಡಿ ಹಿಡಿಯುತ್ತಿದ್ದ ಫೇಕ್‌ಸ್ಪಾಟ್ ಎಂಬ ಉಪಕರಣವನ್ನು ಮೊಜಿಲ್ಲಾ 2025ರ ಜುಲೈನಲ್ಲಿ ಮುಚ್ಚಿತು. ಜರಡಿ ಇದ್ದಾಗಲೂ ನನ್ನ ಮೊದಲಿನ ತಕರಾರು ಹಾಗೇ ಇತ್ತು ಎನ್ನುವುದನ್ನು ಮರೆಯಬಾರದು. ನಕಲಿಯನ್ನೆಲ್ಲ ಜಾಲಿಸಿ ತೆಗೆದ ಮೇಲೆ ಉಳಿಯುವುದು ಪ್ಯಾಕಿಂಗ್ ಸೂಪರ್ ಎಂಬ ಪ್ರಾಮಾಣಿಕ ಮಾತೇ.

ಎಲ್ಲ ರಿವ್ಯೂ ಬೊಗಳೆ ಎಂದು ತಳ್ಳಿಹಾಕುವುದೂ ತಪ್ಪು. ಕಯಾಕ್ ಅಂಗಡಿಯೇ ಇಲ್ಲದ ಊರಿನವರಿಗೆ ಇರುವ ಕಿಟಕಿ ಇದೊಂದೇ. ಓದುವಾಗ ನಾನು ಹುಡುಕುವುದು ಮೂರು ಸ್ಟಾರಿನವರನ್ನು. ಐದು ಕೊಟ್ಟವರಿಗೆ ಖುಷಿ, ಒಂದು ಕೊಟ್ಟವರಿಗೆ ಕೊರಿಯರಿನವನ ಮೇಲೆ ಸಿಟ್ಟು. ಮೂರು ಕೊಟ್ಟವರು ಮಾತ್ರ ಕೂತು ಯೋಚಿಸಿರುತ್ತಾರೆ. ‘ಎರಡನೇ ಸೀಸನ್ನಿಗೆ ಬಕಲ್ಲಿನ ಸ್ಪ್ರಿಂಗು ಉಪ್ಪಿಗೆ ತುಕ್ಕು ಹಿಡಿಯಿತು, ಫೋಮು ಚೆನ್ನಾಗಿದೆ’ ಎಂಬಂಥ ಒಂದು ಸಾಲು ಸಿಕ್ಕರೆ ಅದಕ್ಕೆ ಬೆಲೆಯಿದೆ. ಅಲ್ಲಿ ಕಾಲವಿದೆ, ನೀರಿನ ಜಾತಿಯಿದೆ, ಕೆಟ್ಟದ್ದು ಯಾವುದು ಉಳಿದದ್ದು ಯಾವುದು ಎಂಬ ವಿವೇಚನೆಯಿದೆ. ಅದಕ್ಕಿಂತ ಬೆಲೆಯುಳ್ಳದ್ದು ದಿನವೂ ಸಾಮಾನನ್ನು ನೀರಿಗಿಳಿಸುವವರ ಮಾತು. ಮೂಲ್ಕಿಯ ಸರ್ಫ್ ಶಾಲೆಗಳಲ್ಲಿ, ಗಣೇಶಗುಡಿಯ ಕಾಳಿ ನದಿಯಲ್ಲಿ ರಾಫ್ಟ್ ನಡೆಸುವವರಲ್ಲಿ ಕೇಳಿ ನೋಡಿ. ಅವರ ಹಗ್ಗದ ಮೇಲೆ ಒಣಗುತ್ತಿರುವ ಜಾಕೆಟ್ಟುಗಳ ಹೊಲಿಗೆಯನ್ನು ಕೈಯಾರೆ ಮುಟ್ಟಿ ನೋಡಬಹುದು. ಯಾವುದು ಮೊದಲು ಹರಿಯುತ್ತದೆ ಎಂದು ಅವರು ಸ್ಟಾರಿಲ್ಲದೆ ಹೇಳುತ್ತಾರೆ.

ಮಾರುತಾಣಗಳು ಮನಸ್ಸು ಮಾಡಿದರೆ ರಿವ್ಯೂ ಬರೆಯುವ ಪೆಟ್ಟಿಗೆಯಲ್ಲೇ ನಾಲ್ಕು ಪ್ರಶ್ನೆ ಇಡಬಹುದು: ನೀರಿಗಿಳಿಸಿದಿರಾ, ಸಿಹಿಯೋ ಉಪ್ಪೋ, ಎಷ್ಟು ತಿಂಗಳಾಯಿತು, ನಿಮ್ಮ ತೂಕವೆಷ್ಟು. ಇಡುವುದಿಲ್ಲ. ಸಾಮಾನು ತಲುಪಿದ ಕೆಲವೇ ದಿನಗಳಲ್ಲಿ ‘ಹೇಗಿದೆ ಹೇಳಿ’ ಎಂಬ ಸಂದೇಶ ಬಂದುಬಿಡುತ್ತದೆ, ವಾಪಸು ಮಾಡುವ ಗಡುವೂ ಸಾಮಾನ್ಯವಾಗಿ ವಾರ, ಹತ್ತು ದಿನ. ನಮ್ಮ ಕರಾವಳಿಯಲ್ಲಿ ಈ ಗಡುವಿನ ತಮಾಷೆಯೇ ಬೇರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ರೇಗಿರುತ್ತದೆ, ಬೀಚುಗಳ ಜಲಕ್ರೀಡೆ ನಿಲ್ಲುತ್ತದೆ, ನೇತ್ರಾಣಿಯ ದೋಣಿಗಳು ದಡ ಸೇರುತ್ತವೆ. ಮಳೆಗಾಲದ ಸೇಲಿನಲ್ಲಿ ಅರ್ಧ ಬೆಲೆಗೆ ಸಿಕ್ಕ ಜಾಕೆಟ್ಟು ಮೊದಲ ಸಲ ಉಪ್ಪುನೀರು ಕಾಣುವುದು ಅಕ್ಟೋಬರಿನಲ್ಲಿ. ಕೊಳ್ಳುವುದಿದ್ದರೆ ಅಕ್ಟೋಬರಿನಲ್ಲೇ ಕೊಳ್ಳಿ, ಬಂದ ವಾರದಲ್ಲೇ ಎದೆಮಟ್ಟದ ನೀರಿನಲ್ಲಿ ಕಾಲು ಮಡಚಿ ತೇಲಿ ನೋಡಿ, ಬಾಯಿ ನೀರಿನ ಮೇಲೆ ನಿಲ್ಲದಿದ್ದರೆ ಗಡುವು ಮುಗಿಯುವ ಮೊದಲು ವಾಪಸು ಕಳಿಸಿ.