55 ಮಿಲಿಮೀಟರ್ ಕೆಳಗೆ

ಬೈಕ್ ಬದಲಾಯಿಸಿದವರನ್ನ ನಮ್ಮಲ್ಲಿ ಕೇಳೋ ಪ್ರಶ್ನೆಗಳು ಎರಡೇ. ಪಿಕಪ್ ಹೇಗಿದೆ? ಎಷ್ಟು ಕೊಡತ್ತೆ? ನನಗೆ ಮಾತ್ರ ಮೂರನೆಯದೊಂದು ಸಿಕ್ಕಿತು: "ಯಾಕೆ ಡೌನ್‌ಗ್ರೇಡ್ ಮಾಡ್ಕೊಂಡೆ?" ಆಫೀಸಿನ ಪಾರ್ಕಿಂಗ್‌ನಲ್ಲಿ ಕೇಳಿದರು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅಣ್ಣ ಕೇಳಿದರು. ನಮ್ಮ ಮ್ಯಾನೇಜರಂತೂ ಒನ್-ಆನ್-ಒನ್ ಮೀಟಿಂಗಿನ ಕೊನೆಯ ಐದು ನಿಮಿಷವನ್ನ ಇದಕ್ಕೇ ಮೀಸಲಿಟ್ಟರು. ನಾನು ಮಾಡಿದ್ದಿಷ್ಟೇ. ಮೂರು ವರ್ಷ ಓಡಿಸಿದ ಕೆಟಿಎಂ 390 ಅಡ್ವೆಂಚರ್ ಮಾರಿ, ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ತಗೊಂಡೆ.

ಅವರ ಪ್ರಶ್ನೆಗೆ ಆಧಾರ ಇಲ್ಲ ಅಂತಲ್ಲ. 2020ರ ಜನವರಿಯಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಆ ಕೆಟಿಎಂ 373 ಸಿಸಿಯಲ್ಲಿ 43 ಕುದುರೆಶಕ್ತಿ ಕೊಡತ್ತೆ. 2016ರಲ್ಲಿ ಬಂದ ಹಿಮಾಲಯನ್ ಅದಕ್ಕಿಂತ ದೊಡ್ಡ 411 ಸಿಸಿ ಎಂಜಿನ್ ಇಟ್ಕೊಂಡು 24 ಚಿಲ್ಲರೆ ಕೊಡತ್ತೆ. ಕೆಟಿಎಂನಲ್ಲಿ ಕ್ಲಚ್ ಹಿಡಿಯದೆ ಗೇರ್ ಬದಲಿಸೋ ಕ್ವಿಕ್‌ಶಿಫ್ಟರ್ ಇದೆ, ತಿರುವಿನಲ್ಲಿ ವಾಲಿದಾಗಲೂ ಕೆಲಸ ಮಾಡೋ ಎಬಿಎಸ್ ಇದೆ, ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಬಣ್ಣದ ಪರದೆ ಇದೆ. ಹಿಮಾಲಯನ್‌ನಲ್ಲಿ ಒಂದು ದಿಕ್ಸೂಚಿ ಇದೆ. ಪಟ್ಟಿ ಮುಂದಿಟ್ಟುಕೊಂಡು ನೋಡಿದರೆ ಇದು ಹಿಂಬಡ್ತಿಯೇ. ನನ್ನ ತಕರಾರು ಆ ಪಟ್ಟಿಯ ಬಗ್ಗೆ, ಮತ್ತೆ ಅದನ್ನೇ ಶಾಸ್ತ್ರ ಮಾಡಿಕೊಂಡಿರುವ ನಮ್ಮ ಬೈಕ್ ವಿಮರ್ಶೆಯ ಬಗ್ಗೆ.

ಆ ವಿಮರ್ಶೆಗಳನ್ನ ಒಂದಾದ ಮೇಲೊಂದು ಓದಿ ನೋಡಿ, ಎಲ್ಲಕ್ಕೂ ಒಂದೇ ಅಚ್ಚು. ಮೊದಲು ಎಂಜಿನ್, ಆಮೇಲೆ ಹ್ಯಾಂಡ್ಲಿಂಗ್, ಆಮೇಲೆ ಫೀಚರ್‌ಗಳು, ಕೊನೆಗೆ ಬೆಲೆ ಮತ್ತು ತೀರ್ಪು. ಫೋಟೊದಲ್ಲಿರೋ ಸವಾರ ಆರಡಿ ಇರ್ತಾನೆ, ಫುಟ್‌ಪೆಗ್ ಮೇಲೆ ಎದ್ದು ನಿಂತಿರ್ತಾನೆ, ಹಿಂದೆ ಧೂಳು ಎದ್ದಿರತ್ತೆ, ಹಿಂದಿನ ಸೀಟು ಖಾಲಿ. ಬ್ರ್ಯಾಂಡ್ ಬದಲಿಸಿದವರು ಬರೆಯೋದೂ ಇದೇ ಅಚ್ಚಿನಲ್ಲಿ. ಒಂದೋ ಪ್ರಮೋಷನ್ ಸಿಕ್ಕ ಧಾಟಿ, ಇಲ್ಲಾ ಮತಾಂತರ ಆದ ಧಾಟಿ: ಕತ್ತಲಲ್ಲಿದ್ದೆ, ಬೆಳಕಿಗೆ ಬಂದೆ. ಬೈಕಿನ ಮೇಲೆ ಯಾರು ಕೂರ್ತಾರೆ, ಎಲ್ಲಿಗೆ ಹೋಗ್ತಾರೆ ಅನ್ನೋದಕ್ಕೆ ಎರಡರಲ್ಲೂ ಜಾಗ ಇಲ್ಲ.

ಎಂಜಿನ್‌ನಿಂದಲೇ ಶುರು ಮಾಡೋಣ. ಕೆಟಿಎಂ ಸಿಲಿಂಡರಿನ ಅಗಲ 89 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ 60. ಹಿಮಾಲಯನ್‌ನದು 78 ಅಗಲ, 86 ಓಡಾಟ. ಓಡಾಟ ಕಡಿಮೆ ಇದ್ದ ಎಂಜಿನ್ ಸಲೀಸಾಗಿ ಜೋರು ತಿರುಗತ್ತೆ, ಮೇಲೆ ಹೋದಷ್ಟೂ ಶಕ್ತಿ ಬಿಚ್ಚತ್ತೆ. ಓಡಾಟ ಜಾಸ್ತಿ ಇದ್ದದ್ದು ನಿಧಾನಕ್ಕೆ ತಿರುಗುವಾಗಲೇ ಎಳೆಯತ್ತೆ. ಕೆಟಿಎಂ ತನ್ನ 37 ನ್ಯೂಟನ್ ಮೀಟರ್ ಟಾರ್ಕ್ ಕೊಡೋದು 7000 ಆರ್‌ಪಿಎಂನಲ್ಲಿ. ಹಿಮಾಲಯನ್ ತನ್ನ 32ನ್ನ 4000ದಿಂದ 4500ರ ಆಸುಪಾಸಿನಲ್ಲೇ ಕೊಟ್ಟು ಮುಗಿಸತ್ತೆ. ಈಗ ಬಾಳೆಹೊನ್ನೂರು ಕಡೆಯ ಒಂದು ಕಾಫಿ ತೋಟದ ರಸ್ತೆ ನೆನಪಿಸಿಕೊಳ್ಳಿ. ಮಳೆ ನಿಂತು ಒಂದು ಗಂಟೆ ಆಗಿದೆ, ಏರು, ಕೆಂಪು ಮಣ್ಣು, ನಡುವೆ ಜಲ್ಲಿ, ಎರಡೂ ಕಡೆ ಬ್ಯಾಗು. ಅಲ್ಲಿ ನಿಮಗೆ ಬೇಕಾಗೋದು ಎರಡನೇ ಗೇರಿನಲ್ಲಿ ಉಸಿರು ಕಟ್ಟದೆ ಹತ್ತೋ ಎಂಜಿನ್. 43 ಕುದುರೆಗಳಲ್ಲಿ ಬಹುಪಾಲು ಅಲ್ಲಿ ಲಾಯದಲ್ಲೇ ಇರ್ತಾವೆ. ಅವು ಹೊರಗೆ ಬರೋದು ನೆಲಮಂಗಲ ದಾಟಿ ಹಾಸನದ ಹೆದ್ದಾರಿ ಸಿಕ್ಕಿದಾಗ. ನನ್ನ ಓಡಾಟದಲ್ಲಿ ಹೆದ್ದಾರಿಯೂ ಇದೆ, ತೋಟದ ರಸ್ತೆಯೂ ಇದೆ. ಹಾಗಾಗಿ ಯಾವುದು ದೊಡ್ಡ ಸಂಖ್ಯೆ ಅಂತ ಪಟ್ಟಿ ಹೇಳಬಹುದು, ಯಾವುದು ನನಗೆ ಅಂತ ಹೇಳಲಾರದು.

ಇನ್ನು ಸೀಟಿನ ಎತ್ತರ. ಕೆಟಿಎಂನದು 855 ಮಿಲಿಮೀಟರ್, ಹಿಮಾಲಯನ್‌ನದು 800. ನನ್ನ ಎತ್ತರ ಐದಡಿ ನಾಲ್ಕು ಇಂಚು. ಅಡ್ವೆಂಚರ್ ಬೈಕ್ ಅಂದ್ರೆ ಎತ್ತರ ಇರಲೇಬೇಕು, ಹಳ್ಳ ದಿಣ್ಣೆ ಹಾರೋದಕ್ಕೆ ಸಸ್ಪೆನ್ಷನ್ ಉದ್ದ ಬೇಕಲ್ಲ ಅಂತ ಎಲ್ಲರೂ ಹೇಳ್ತಾರೆ. ಆದರೆ ಅದೇ ಪಟ್ಟಿಯನ್ನ ಸ್ವಲ್ಪ ಕೆಳಗೆ ಓದಿದರೆ ಬೇರೆಯದೇ ಕಾಣತ್ತೆ. ಹಿಮಾಲಯನ್‌ನ ಮುಂದಿನ ಸಸ್ಪೆನ್ಷನ್ 200 ಮಿಲಿಮೀಟರ್ ಕುಗ್ಗತ್ತೆ, ಕೆಟಿಎಂನದು 170. ನೆಲದಿಂದ ಇರೋ ಅಂತರ ಅದರದ್ದು 220, ಇದರದ್ದು 200. ಅಂದರೆ ಹಳ್ಳ ದಿಣ್ಣೆಗೆ ಜಾಸ್ತಿ ತಯಾರಾಗಿರೋ ಬೈಕಿನ ಸೀಟೇ 55 ಮಿಲಿಮೀಟರ್ ಕೆಳಗಿದೆ. ಎತ್ತರದ ಸೀಟು ಭೌತಶಾಸ್ತ್ರದ ಶಾಪ ಏನಲ್ಲ, ವಿನ್ಯಾಸ ಮಾಡಿದವರ ಆಯ್ಕೆ. ಅದಕ್ಕೂ ಕಾರಣ ಇದೆ: ಎತ್ತರ ಕೂತರೆ ಮಂಡಿ ಅಷ್ಟು ಮಡಚಬೇಕಿಲ್ಲ, ಎದ್ದು ನಿಂತು ಓಡಿಸೋದು ಸುಲಭ, ದೂರ ಕಾಣತ್ತೆ. ಕೂರೋರ ಕಾಲು ಉದ್ದ ಇದ್ದರೆ ಅದು ಒಳ್ಳೆಯ ಆಯ್ಕೆಯೇ.

ನನ್ನ ಹಿಂದೆ ಕೂರೋದು ಅಮ್ಮ. ವಯಸ್ಸು 61, ಎಡ ಮಂಡಿ ಸರಿಯಿಲ್ಲ, ಕಾರಿನಲ್ಲಿ ಕೂತರೆ ಘಟ್ಟದ ತಿರುವಿಗೆ ವಾಂತಿ. ವರ್ಷಕ್ಕೆ ಮೂರು ನಾಲ್ಕು ಸಲ ಕೊಪ್ಪದ ಹತ್ತಿರ ಅವರ ಅಣ್ಣನ ಮನೆಗೆ ಹೋಗಬೇಕು. ಬಸ್ಸಲ್ಲಿ ಹೋದ್ರೆ ರಾತ್ರಿಯೆಲ್ಲ ಕಾಲು ಊತ. ನನ್ನ ಹಿಂದೆ ಕೂತರೆ, ಗಾಳಿ ತಗೊಂಡು, ಎಲ್ಲಿ ಬೇಕಾದ್ರೆ ಅಲ್ಲಿ ನಿಲ್ಲಿಸಿ ಕಾಫಿ ಕುಡಿದು, ಸುಖವಾಗಿ ಬರ್ತಾರೆ. ಕೆಟಿಎಂ ತಂದಾಗ ಒಂದು ಸಲ ಹತ್ತಿ ಇಳಿದು, "ಇದೇನೇ, ಮದುಮಗನ ಕುದುರೆ ಹತ್ತಿದ ಹಾಗಾಯ್ತು. ನೀನೊಬ್ಳೇ ಹೋಗ್ಬಾ" ಅಂದ್ರು. ಮೂರು ವರ್ಷ ನಾನು ಒಬ್ಬಳೇ ಹೋದೆ. ಹಂಪಿ, ಬಾದಾಮಿ, ವಯನಾಡು, ಗೋಕರ್ಣ ಸುತ್ತಿ ಬಂದೆ. ಒಬ್ಬಳೇ ಓಡಿಸೋದಕ್ಕೆ ಅಂಥ ಸೊಗಸಾದ ಬೈಕ್ ನಾನು ಇನ್ನೊಂದು ಓಡಿಸಿಲ್ಲ. ಆ ವರ್ಷಗಳಿಗೆ ಅದೇ ಸರಿಯಾಗಿತ್ತು. ಆಮೇಲೆ ಮಾವನಿಗೆ ಹುಷಾರಿಲ್ಲದೆ ಅಮ್ಮನ ಓಡಾಟ ಹೆಚ್ಚಾಯ್ತು. ಜಾರೋ ಇಳಿಜಾರಿನಲ್ಲಿ, ಹಿಂದೆ ಅಮ್ಮನನ್ನ ಕೂರಿಸಿಕೊಂಡು, ಎರಡೂ ಕಾಲು ನೆಲಕ್ಕೆ ಊರಬೇಕಿತ್ತು ನನಗೆ. 55 ಮಿಲಿಮೀಟರ್ ಅಂದರೆ ಸುಮಾರು ಎರಡು ಇಂಚು. ನನ್ನ ಡೌನ್‌ಗ್ರೇಡ್‌ನ ಪೂರ್ತಿ ಉದ್ದ ಅಷ್ಟೇ.

ಖಾಲಿ ಸೀಟಿನ ಆ ಫೋಟೊ ಎಲ್ಲಿಂದ ಬಂತು ಅಂತ ನೋಡಿದರೆ ಹಾದಿ ಡಕಾರ್ ರ‍್ಯಾಲಿಗೆ ಹೋಗತ್ತೆ. ಬಿಎಂಡಬ್ಲ್ಯು 1980ರಲ್ಲಿ ತಂದ ಆರ್80 ಜಿ/ಎಸ್‌ನಿಂದ ಈ ಜಾತಿಯ ದೊಡ್ಡ ಬೈಕುಗಳ ವಂಶಾವಳಿ ಶುರು ಅಂತಾರೆ. ಮರುವರ್ಷವೇ ಅದರ ಮೇಲೆ ಪ್ಯಾರಿಸ್-ಡಕಾರ್ ಗೆದ್ದರು. ಕೆಟಿಎಂ ಅಂತೂ 2001ರಿಂದ 2019ರವರೆಗೆ ನಡೆದ ಅಷ್ಟೂ ಡಕಾರ್‌ಗಳ ಬೈಕ್ ವಿಭಾಗ ಗೆದ್ದಿದೆ. 2008ರಲ್ಲಿ ರ‍್ಯಾಲಿ ರದ್ದಾಗಿದ್ದು ಬಿಟ್ಟರೆ ಸಾಲಾಗಿ 18. ಮರಳುಗಾಡಿನಲ್ಲಿ ಒಬ್ಬನೇ ಸವಾರ, ಹಿಂದೆ ಯಾರೂ ಇಲ್ಲ, ಸಂಜೆಗೆ ಕ್ಯಾಂಪಿನಲ್ಲಿ ಮೆಕ್ಯಾನಿಕ್‌ಗಳ ತಂಡ ಕಾಯ್ತಿರತ್ತೆ. 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಬಗ್ಗೆ ನನಗೆ ಅಪಾರ ಹೆಮ್ಮೆ. ಅವರೂ ಮುಂದೆ ಬ್ರ್ಯಾಂಡ್ ಬದಲಿಸಿ ಹೀರೋ ತಂಡ ಸೇರಿದರು. ಅದು ಅವರ ವೃತ್ತಿ. ಆದರೆ ಸೋಮವಾರ ಸಿಲ್ಕ್ ಬೋರ್ಡ್ ದಾಟಿ, ಶನಿವಾರ ಚಿಕ್ಕಮಗಳೂರಿಗೆ ಹೋಗೋ ನಮ್ಮ ಬೈಕಿನ ಆಯ್ಕೆಗೂ ಆ ಮರಳುಗಾಡಿನ ಅಳತೆಗೋಲೇ ಯಾಕೆ?

ಬ್ರ್ಯಾಂಡ್ ಬದಲಾದ ಅತ್ಯಂತ ಪ್ರಸಿದ್ಧ ಕತೆಯೂ ಇದನ್ನೇ ಹೇಳತ್ತೆ. 2004ರಲ್ಲಿ ನಟರಾದ ಇವಾನ್ ಮೆಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಲಂಡನ್ನಿನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ತಲುಪಿದ ಪ್ರಯಾಣ, 'ಲಾಂಗ್ ವೇ ರೌಂಡ್' ಸರಣಿ, ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಬೂರ್ಮನ್ ಮನಸ್ಸಿದ್ದದ್ದು ಕೆಟಿಎಂ ಮೇಲೆ. ಕೆಟಿಎಂ ಬೈಕ್ ಕೊಡೋದಕ್ಕೆ ಒಪ್ಪಲಿಲ್ಲ, ಬಿಎಂಡಬ್ಲ್ಯು ಒಪ್ಪಿತು. ಆ ಸರಣಿಯಾದ ಮೇಲೆ ಜಗತ್ತಿನ ಎಷ್ಟೋ ಜನರಿಗೆ ಅಡ್ವೆಂಚರ್ ಬೈಕ್ ಅಂದ್ರೆ ಬಿಎಂಡಬ್ಲ್ಯು ಜಿಎಸ್ ಅಂತಾಯ್ತು. ಇಷ್ಟು ದೊಡ್ಡ ನಿಷ್ಠೆಯ ಹಿಂದೆ ಇದ್ದದ್ದು ಒಂದು ಕಂಪನಿಯ ಸ್ಪಾನ್ಸರ್‌ಶಿಪ್ ತೀರ್ಮಾನ. ಅದಕ್ಕಿಂತ ನನಗೆ ಇಷ್ಟವಾದ ಭಾಗ ಮಂಗೋಲಿಯಾದ್ದು. ಅಲ್ಲಿ ಕ್ಯಾಮೆರಾಮನ್ ಕ್ಲಾಡಿಯೊ ಫಾನ್ ಪ್ಲಾಂಟಾ ಅವರ ಬಿಎಂಡಬ್ಲ್ಯುನ ಫ್ರೇಮ್ ಮುರಿದು, ಅವರು ಸ್ಥಳೀಯವಾಗಿ ಕೊಂಡ ಸಣ್ಣ ರಷ್ಯನ್ ಬೈಕಿನಲ್ಲಿ ಮುಂದೆ ಹೋಗಬೇಕಾಯ್ತು. ಆ ಊರಿನವರು ದಿನಾ ಓಡಿಸೋ, ಅವರಿಗೆ ರಿಪೇರಿ ಗೊತ್ತಿರೋ ಬೈಕ್ ಅದು.

ರಿಪೇರಿ ಗೊತ್ತಿರೋದು ಅನ್ನೋದೂ ಪಟ್ಟಿಯಲ್ಲಿ ಬರದ ವಿಷಯ. ಹಿಮಾಲಯನ್ 411ರ ಟ್ಯಾಪೆಟ್ ಸೆಟ್ ಮಾಡೋದು ಸ್ಕ್ರೂ ಮತ್ತು ಲಾಕ್‌ನಟ್‌ನಿಂದ. ಒಂದು ಸ್ಪ್ಯಾನರ್, ಒಂದು ಫೀಲರ್ ಗೇಜ್ ಇದ್ದರೆ ಕೊಪ್ಪದ ಯಾವ ಹಳೇ ಮೆಕ್ಯಾನಿಕ್ಕಾದರೂ ಮಾಡಿಕೊಡ್ತಾರೆ. ಕೆಟಿಎಂನಲ್ಲಿ ಅದಕ್ಕೆ ಶಿಮ್ ಅನ್ನೋ ಪುಟ್ಟ ಬಿಲ್ಲೆಗಳನ್ನ ಅಳತೆ ನೋಡಿ ಬದಲಿಸಬೇಕು. ಸರಿಯಾದ ಅಳತೆಯ ಬಿಲ್ಲೆ ಕೈಯಲ್ಲಿರಬೇಕು. 9000 ಆರ್‌ಪಿಎಂಗೆ ತಿರುಗೋ ಎಂಜಿನ್‌ಗೆ ಆ ವ್ಯವಸ್ಥೆಯೇ ತಕ್ಕದ್ದು, ಕುಂದು ಅಂತ ಯಾರೂ ಹೇಳೋ ಹಾಗಿಲ್ಲ. ಆದರೆ ಅದು ಸರ್ವಿಸ್ ಸೆಂಟರ್ ಹತ್ತಿರ ಇರೋ ಊರಿಗೆ ಬರೆದ ಎಂಜಿನ್. ಇನ್ನೊಂದು ಸಂತೆಪೇಟೆಯ ಗ್ಯಾರೇಜಿಗೆ ಬರೆದದ್ದು.

ಕಳೆದುಕೊಂಡದ್ದನ್ನೂ ಹೇಳದಿದ್ದರೆ ಇದೂ ಇನ್ನೊಂದು ಮತಾಂತರದ ಕತೆಯಾಗತ್ತೆ. ಹಿಮಾಲಯನ್ ಸುಮಾರು 20 ಕೆಜಿ ಜಾಸ್ತಿ ತೂಗತ್ತೆ. ಪಾರ್ಕಿಂಗ್‌ನಿಂದ ಹಿಂದಕ್ಕೆ ಎಳೆಯುವಾಗ ದಿನಾ ಗೊತ್ತಾಗತ್ತೆ. ಹೆದ್ದಾರಿಯಲ್ಲಿ ಮೊದಲು ಕಣ್ಣು ಮಿಟುಕಿಸೋದರಲ್ಲಿ ಹಿಂದೆ ಹಾಕ್ತಿದ್ದ ಲಾರಿಯನ್ನ ಈಗ ಲೆಕ್ಕ ಹಾಕಿ, ಗೇರ್ ಇಳಿಸಿ, ಖಾಲಿ ರಸ್ತೆ ನೋಡಿಕೊಂಡು ದಾಟಬೇಕು. ತಿರುವಿನಲ್ಲೂ ಕೆಲಸ ಮಾಡೋ ಎಬಿಎಸ್ ಮಳೆಗಾಲದ ಘಟ್ಟದಲ್ಲಿ ಶೋಕಿಯ ವಸ್ತು ಅಲ್ಲ, ಅದಿಲ್ಲದಿರೋದು ನಿಜವಾದ ನಷ್ಟ. ಒಬ್ಬರೇ ಓಡಾಡೋರು, ಕಾಲು ಉದ್ದ ಇರೋರು, ಹೆದ್ದಾರಿಯಲ್ಲೇ ಹೆಚ್ಚು ಸಮಯ ಕಳೆಯೋರು ನನ್ನನ್ನ ಕೇಳಿದರೆ ಕೆಟಿಎಂ ತಗೊಳ್ಳಿ ಅಂತ ಒಂದೇ ಮಾತಲ್ಲಿ ಹೇಳ್ತೀನಿ.

ಕಿತ್ತಳೆ ಟೀಶರ್ಟಿನವರು, ಬುಲೆಟ್ ಬಳಗದವರು ಇನ್ನೂ ಜಗಳ ಆಡ್ತಾನೇ ಇದ್ದಾರೆ. ಕಂಪನಿಗಳು ಮಾತ್ರ ಅಷ್ಟು ಹೊತ್ತಿಗೆ ಜಾಗ ಬದಲಾಯಿಸಿಕೊಂಡಿವೆ. 2023ರ ನವೆಂಬರಿನಲ್ಲಿ ಬಂದ ಹೊಸ ಹಿಮಾಲಯನ್ 452 ಸಿಸಿಯದು. ಅದಕ್ಕೆ ಗಾಳಿಯ ಬದಲು ದ್ರವದಿಂದ ತಂಪಾಗೋ ಎಂಜಿನ್, 40ರ ಹತ್ತಿರ ಕುದುರೆಶಕ್ತಿ, ಸೀಟು 825ಕ್ಕೆ ಏರಿದೆ. 2025ರಲ್ಲಿ ಇಲ್ಲಿಗೆ ಬಂದ ಹೊಸ 390 ಅಡ್ವೆಂಚರ್‌ಗೆ ಹಿಮಾಲಯನ್ ಮೊದಲಿಂದ ಇಟ್ಟುಕೊಂಡಿದ್ದ 21 ಇಂಚಿನ ಮುಂದಿನ ಚಕ್ರ, ಕಡ್ಡಿ ಚಕ್ರ ಬಂದಿದೆ, ಸೀಟು 830ಕ್ಕೆ ಇಳಿದಿದೆ. 55 ಮಿಲಿಮೀಟರ್ ಇದ್ದ ಅಂತರ ಈಗ 5. ಅಷ್ಟಕ್ಕೂ ಆಸ್ಟ್ರಿಯಾದ ಹೆಸರಿನ ನನ್ನ ಹಳೇ ಬೈಕ್ ತಯಾರಾದದ್ದು ಪುಣೆ ಹತ್ತಿರ ಚಾಕಣ್‌ನ ಬಜಾಜ್ ಕಾರ್ಖಾನೆಯಲ್ಲಿ, ಇಂಗ್ಲೆಂಡಿನ ಹೆಸರಿನ ಈಗಿನದು ಚೆನ್ನೈ ಬಳಿ. ಯಾವ ದೇಶದ ಬಾವುಟ ಅಂತ ನಾವು ಹಿಡಿದುಕೊಂಡು ಕೂಗೋದೋ!

ಅಪ್ರೈಸಲ್, ಫೋನು, ಫ್ಲ್ಯಾಟು, ಎಲ್ಲವನ್ನೂ ಮೆಟ್ಟಿಲ ಹಾಗೆ ನೋಡೋದು ನಮ್ಮ ತಲೆಮಾರಿಗೆ ರೂಢಿಯಾಗಿದೆ. ಒಂದು ಮೆಟ್ಟಿಲು ಕೆಳಗಿಳಿದವರನ್ನ ಕಂಡರೆ ಸಂಬಳ ಕಟ್ ಆಯ್ತೇನೋ ಅಂತ ಗಾಬರಿ. ವಿಮರ್ಶಕರೂ ಅದೇ ಮೆಟ್ಟಿಲನ್ನ ಇನ್ನಷ್ಟು ಗಟ್ಟಿ ಮಾಡ್ತಾರೆ. ಅವರಿಗೆ ನನ್ನ ಬೇಡಿಕೆ ದೊಡ್ಡದಲ್ಲ, ಆ ಪಟ್ಟಿಗೆ ಮೂರೇ ಮೂರು ಸಾಲು ಸೇರಿಸಿ ಸಾಕು. ಐದಡಿ ನಾಲ್ಕು ಇಂಚಿನವರು ಇಳಿಜಾರಿನಲ್ಲಿ, ಹಿಂದೆ ಒಬ್ಬರನ್ನ ಕೂರಿಸಿಕೊಂಡು ನಿಲ್ಲಿಸಿದಾಗ ಏನಾಗತ್ತೆ? ಮಂಡಿ ನೋವಿರೋರು ಹಿಂದಿನ ಸೀಟಿಗೆ ಹೇಗೆ ಹತ್ತುತ್ತಾರೆ? ಸರ್ವಿಸ್ ಸೆಂಟರಿನಿಂದ ನೂರು ಕಿಲೋಮೀಟರ್ ಆಚೆ ಕೆಟ್ಟು ನಿಂತರೆ ಯಾರು ಬಿಚ್ಚುತ್ತಾರೆ?

ಮೊನ್ನೆ ಟೀಮಿನ ಹೊಸ ಹುಡುಗ ಬಂದು, "ಅಕ್ಕಾ, ಕೆಟಿಎಂ ತಗೊಳ್ಳೋದಾ, ಹಿಮಾಲಯನ್ ತಗೊಳ್ಳೋದಾ?" ಅಂದ. ಸಿಸಿ, ಟಾರ್ಕ್, ಸ್ಕ್ರೀನ್ ಎಲ್ಲ ಹೋಲಿಸಿ ಎಕ್ಸೆಲ್ ಶೀಟ್ ಮಾಡ್ಕೊಂಡು ಬಂದಿದ್ದ. "ಹಿಂದೆ ಯಾರು ಕೂರ್ತಾರೆ?" ಅಂತ ಕೇಳಿದೆ. ಅದಕ್ಕೊಂದು ಕಾಲಂ ಅವನ ಶೀಟಿನಲ್ಲಿ ಇರಲಿಲ್ಲ.